ಮೂರನೆಯ ಕಂಪ್ಯೂಟರ್

ತಿಪ್ಪೇಸ್ವಾಮಿಗೆ ಕಳ್ಳ ಸಾಫ್ಟ್‌ವೇರ್ ಎಂದರೆ ಮೈಯೆಲ್ಲ ಉರಿ. ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರನ ಮನೆಯಲ್ಲಿ ಅಂಥದ್ದೆಲ್ಲ ಇರಬಾರದಂತೆ. ಅದಕ್ಕೇ ಡಿಸೈನ್ ಸಾಫ್ಟ್‌ವೇರಿಗೆ ಫ್ಯಾಮಿಲಿ ಲೈಸೆನ್ಸ್ ತೆಗೆದುಕೊಂಡಿದ್ದ. ಒಂದೇ ಮನೆಯ ಮೂರು ಕಂಪ್ಯೂಟರಿಗೆ ಮಾತ್ರ ನಡೆಯುವಂಥದ್ದು. ಒಂದು ಅವನದು, ಒಂದು ಹೆಂಡತಿ ಮನೋರಮಾಳದು, ಮೂರನೆಯದು ತಂಗಿ ತನುಶ್ರೀಯದು. ಗಂಡನನ್ನು ಬಿಟ್ಟು ನೋಯ್ಡಾದ ಈ ಫ್ಲ್ಯಾಟಿಗೆ ಬಂದ ತಂಗಿಗೆ ಅಣ್ಣ ಮಾಡಿದ ದೊಡ್ಡ ಉಪಕಾರ ಅದು. ಬದಲಿಗೆ ಅವಳು ಮಾಡುತ್ತಿದ್ದದ್ದಾದರೂ ಏನು ಮಹಾ! ಅಡುಗೆ, ಪಾತ್ರೆ, ಬಟ್ಟೆ, ಅವರ ಮಗ ಆದರ್ಶನ ಟಿಫಿನ್ನು, ಅಷ್ಟೇ.

ಉಳಿದ ಹೊತ್ತಿನಲ್ಲಿ ತನುಶ್ರೀ ಕಸೂತಿಗೆ ಡಿಸೈನ್ ಮಾಡುತ್ತಿದ್ದಳು. ಓಖ್ಲಾದ ಗಾರ್ಮೆಂಟ್ ಕಂಪನಿಯವರು ಒಂದೆರಡು ನೋಡಿ ಮೆಚ್ಚಿ, ಸೋಮವಾರ ಪೂರ್ತಿ ಸೆಟ್ ತಂದು ತೋರಿಸಿದರೆ ಖಾಯಂ ಕೆಲಸ ಎಂದರು. ಅವಳು ಹಿಗ್ಗಿಹೋದಳು. ಅಲ್ಲೇ ಹತ್ತಿರದಲ್ಲಿ ಒಂದು ರೂಮನ್ನೂ ಹಿಡಿದಳು. ಹಿಡಿದವಳು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಪಾಪ, ಸಂತೋಷ ತಡೆಯಲಾಗದೆ ಶುಕ್ರವಾರ ಅಣ್ಣನಿಗೆ ಹೇಳಿಬಿಟ್ಟಳು.

ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ, ‘ನೀವು ಈ ಮನೆಯ ಸದಸ್ಯರಲ್ಲ’ ಎಂದು ಬಂತು. ಅವಳ ಡಿಸೈನ್‌ಗಳೆಲ್ಲ ಆ ಖಾತೆಯೊಳಗೆ, ಅವಳ ಹೆಸರಿಗೆ ಮಾತ್ರ ತೆರೆಯುವಂಥವು. ಬೇರೆ ಕಾಪಿ ಇಲ್ಲ. ಅಣ್ಣನ ಹತ್ತಿರ ಓಡಿದಳು.

“ಅಣ್ಣ, ನನ್ನ ಹೆಸರು ತೆಗೆದುಬಿಟ್ಯಾ?”

“ಮತ್ತೆ? ರೂಲ್ ಓದು. ಒಂದೇ ಮನೇಲಿ ಇರೋರಿಗೆ ಮಾತ್ರ. ನೀನು ಹೊರಟವಳು.” ತಿಪ್ಪೇಸ್ವಾಮಿ ಪೇಪರಿನಿಂದ ತಲೆ ಎತ್ತಲಿಲ್ಲ.

“ಇನ್ನೂ ಹೋಗಿಲ್ವಲ್ಲ! ಸೋಮವಾರದ ತನಕ ಕೊಡು, ನಿನ್ನ ಕಾಲಿಗೆ ಬೀಳ್ತೀನಿ.”

“ಹಂಗೆಲ್ಲ ಮೋಸ ಮಾಡೋಕೆ ನನ್ನಿಂದ ಆಗಲ್ಲ. ಇರೋಳಾದ್ರೆ ಇರು. ರೂಮು ಬೇಡ ಅಂತ ಹೇಳಿ ಬಾ, ಆಮೇಲೆ ಮಾತಾಡೋಣ.”

ರೂಮು ಹಾಳಾಗಿ ಹೋಗಲಿ, ಕೆಲಸ ಸಿಕ್ಕರೆ ಸಾಕು, ಮೆಟ್ರೋದಲ್ಲಿ ಓಡಾಡಿಕೊಂಡಿದ್ದರಾಯಿತು ಎಂದುಕೊಂಡಳು ತನುಶ್ರೀ. ಬಾಲ್ಕನಿಗೆ ಹೋಗಿ ಮನೆಯೊಡತಿಗೆ ಫೋನ್ ಮಾಡಿದಳು. “ಮಾಫ್ ಕೀಜಿಯೇ ಆಂಟಿ, ರೂಮ್ ನಹೀ ಚಾಹಿಯೇ.” ಆಂಟಿ ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಆ ರೂಮಿಗೆ ಇನ್ನೊಬ್ಬಳು ಕಾದು ಕೂತಿದ್ದಳಂತೆ.

“ಬಿಟ್ಟೆ ಅಣ್ಣ. ಈಗ ಹಾಕು.”

“ಅಚ್ಛಾ, ಬುದ್ಧಿ ಬಂತಲ್ಲ. ಆದ್ರೆ ಜಾಗ ಎಲ್ಲಿದೆ? ಅಲ್ಲಿ ಆದರ್ಶನ ಹೊಸ ಕಂಪ್ಯೂಟರ್ ಹಾಕಿದೀನಿ. ಒಂದ್ಸಲ ಬದಲಾಯಿಸಿದ್ರೆ ಒಂದು ತಿಂಗಳು ಮುಟ್ಟೋ ಹಾಗಿಲ್ಲ. ಅದೂ ರೂಲೇ.”

“ಯಾವಾಗ ಹಾಕಿದೆ?”

ಅವನು ಪೇಪರಿನ ಪುಟ ತಿರುವಿದ. ಟೀ ಲೋಟ ಹಿಡಿದು ಬಂದ ಮನೋರಮಾ ಹೇಳಿದಳು. “ನಿನ್ನೇನೇ ಹಾಕಿಕೊಟ್ರಲ್ಲ ನಿಮ್ಮಣ್ಣ. ಆದರ್ಶ ಕುಣಿದಾಡಿಬಿಟ್ಟ.”

ತನುಶ್ರೀಗೆ ಆ ಲೋಟ ಕಿತ್ತು ಅಣ್ಣನ ಮುಖಕ್ಕೆ ಎರಚಬೇಕು ಅನ್ನಿಸಿತು. ಹುಟ್ಟಿದಾಗಿನಿಂದ ಅವನ ಮೇಲೆ ಇಷ್ಟು ದ್ವೇಷ ಬಂದಿರಲಿಲ್ಲ.

“ಗೊತ್ತಿದ್ದೂ ರೂಮು ಬಿಡಿಸಿದ್ಯಾ?”

“ಮತ್ತೆ ಹಾಕ್ತೀನಿ ಅಂತ ನಾನೆಲ್ಲಿ ಹೇಳಿದ್ದೆ? ಆಮೇಲೆ ಮಾತಾಡೋಣ ಅಂದೆ.” ತಿಪ್ಪೇಸ್ವಾಮಿ ಪೇಪರ್ ಮಡಚಿಟ್ಟ. “ಮಾತಾಡಿದ್ವಲ್ಲ.”

“ಹೋಗ್ಲಿ ಬಿಡು,” ಎಂದಳು ಮನೋರಮಾ. “ಇಲ್ಲಿ ನಿಂಗೇನು ಕಮ್ಮಿ ಮಾಡಿದೀವಿ? ಚಲೋ, ಹಿಟ್ಟು ಕಲಸು. ಅವರಿಗೆ ಹಸಿವಾಗಿದೆ.”

ತನುಶ್ರೀ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿ ತೆಗೆದಳು.