ಮಗಳ ಹಿಂದೆ ಹೊರಟವಳು

ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಆಕೆಯನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಆಕೆಯ ದನಿ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಆ ತುದಿಯಲ್ಲಿ ಯಾರೋ ಬಾಯಿ ಬಡಿದುಕೊಂಡು ಅಳುತ್ತಿದ್ದರೂ ಈಕೆ ಮಾತ್ರ, "ನೀವೀಗ ಎಲ್ಲಿದ್ದೀರಿ? ಸುತ್ತ ಏನು ಕಾಣ್ತಿದೆ, ನಿಧಾನಕ್ಕೆ ಹೇಳಿ" ಎಂದು ಕೇಳುತ್ತಿದ್ದಳು. ನೋಡಿ ಕಲಿಯಲಿ ಎಂದು ಹೊಸದಾಗಿ ಕೆಲಸಕ್ಕೆ ಬಂದವರನ್ನು ಆಕೆಯ ಪಕ್ಕದಲ್ಲೇ ಕೂರಿಸುತ್ತಿದ್ದರು. ಆದರೆ ಫೋನು ಇಟ್ಟ ಮೇಲೆ ಆ ದನಿಗಳು ಆಕೆಯ ಜೊತೆಗೇ ಮನೆಗೆ ಬರುತ್ತಿದ್ದವು. ಬೇರೆಯವರು ರಸ್ತೆಗಳನ್ನು ಅಂಗಡಿ, ಶಾಲೆಗಳಿಂದ ಗುರುತಿಟ್ಟುಕೊಂಡರೆ ದೊಡ್ಡಕ್ಕ ಬಿದ್ದವರಿಂದ ಗುರುತಿಟ್ಟುಕೊಂಡಿದ್ದಳು. ಇದು ಲಾರಿಯ ಕೆಳಗೆ ಸಿಕ್ಕಿಕೊಂಡವನ ತಿರುವು, ಅದು ಗೆಳೆಯರಿಬ್ಬರು ಕಂಬಕ್ಕೆ ಹೊಡೆದ ಜಾಗ.

ಹೀಗಿರುವಾಗ ಮಗಳು ಬೈಕು ಕೊಂಡಳು.

ಮಗಳು ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸು. ಕಚ್ಚುವ ನಾಯಿ, ಪರಚುವ ಬೆಕ್ಕುಗಳನ್ನು ದಿನವಿಡೀ ಅವುಚಿ ಹಿಡಿಯುವವಳಿಗೆ ಹೆದರಿಕೆ ಎಂದರೇನೆಂದು ಗೊತ್ತಿರಲಿಲ್ಲ. ತಂದೆ ಕಾಯಿಲೆಯಿಂದ ತೀರಿಕೊಂಡ ಮೇಲೆ ಮನೆಯಲ್ಲಿ ಅಮ್ಮ, ಮಗಳು ಇಬ್ಬರೇ. ಅವಳು ತಂದದ್ದು ಓಣಿಯವರೆಲ್ಲ ಓಡಿಸುವ ಚಿಕ್ಕ ಬೈಕಲ್ಲ, ಪೋಸ್ಟರಿನಲ್ಲಿ ಕಾಣುವ ಆನೆಯಂಥದ್ದೂ ಅಲ್ಲ, ಎರಡರ ನಡುವಿನದು. ನಡುವಿನದು ಎಂದು ಅಂಗಡಿಯವನು ಹೇಳಿದ್ದಷ್ಟೇ. ಬಾಗಿಲ ಮುಂದೆ ಅದು ಗುರ್ರೆಂದಾಗ ಅಡುಗೆಮನೆಯ ಲೋಟಗಳು ನಡುಗಿದವು.

ಅಂಥ ಬೈಕು ಇಟ್ಟುಕೊಂಡವರದೇ ಒಂದು ಗುಂಪಿತ್ತು, 'ನಡುತೂಕದವರು' ಎಂದು. ಭಾನುವಾರ ಬೆಳಗಾದರೆ ಸಾಲು ಹಿಡಿದು ಬೆಟ್ಟ ಹತ್ತುವುದು, ಮೇಲೆ ಕೂತು ಕಾಫಿ ಕುಡಿಯುವುದು, ಮಧ್ಯಾಹ್ನದ ಊಟದ ಹೊತ್ತಿಗೆ ಇಳಿದು ಬರುವುದು. ಮಗಳು ಆ ಗುಂಪಿಗೆ ಸೇರಿದ ಮೇಲೆ ದೊಡ್ಡಕ್ಕನಿಗೆ ಭಾನುವಾರವೆಂದರೆ ಜೀವ ಬಾಯಿಗೆ ಬರುವ ದಿನವಾಯಿತು. ಮನೆಯಲ್ಲಿದ್ದರೆ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಡ್ಯೂಟಿಯಲ್ಲಿದ್ದರೆ ಇನ್ನೂ ಕಷ್ಟ. ಬೆಟ್ಟದ ಕಡೆಯಿಂದ ಕರೆ ಬಂದರೆ, ಬಿದ್ದವರು ಗಂಡಸೋ ಹೆಂಗಸೋ ಎಂದು ಕೇಳುವ ಮುಂಚೆ ಆಕೆಯ ಉಸಿರು ಒಂದು ಕ್ಷಣ ನಿಲ್ಲುತ್ತಿತ್ತು.

ಬೇಡ ಎನ್ನಲು ಮಗಳು ಚಿಕ್ಕವಳಲ್ಲ. ಅಂದರೂ ಕೇಳುವವಳಲ್ಲ. ಯೋಚಿಸಿ ಯೋಚಿಸಿ ದೊಡ್ಡಕ್ಕನಿಗೆ ಒಂದೇ ದಾರಿ ಕಂಡಿತು. ಕಣ್ಣೆದುರು ಇದ್ದರೆ ಏನೂ ಆಗುವುದಿಲ್ಲ. ಆದ್ದರಿಂದ ಜೊತೆಗೇ ಹೋಗಬೇಕು. ಒಂದು ಸಂಜೆ ಬಟ್ಟೆ ಮಡಿಸುತ್ತಾ, ಮುಖ ಎತ್ತದೆ ಹೇಳಿದಳು: "ನನಗೂ ನಿನ್ನ ಥರ ಓಡಿಸ್ಬೇಕು ಅಂತ ಆಸೆ ಆಗಿದೆ ಕಣೆ."

ಮಗಳು ನಕ್ಕುಬಿಡುತ್ತಾಳೆ ಎಂದುಕೊಂಡಿದ್ದಳು. ಮಗಳು ನಗಲಿಲ್ಲ. ಹತ್ತಿರ ಬಂದು ಕೂತು, ಅಮ್ಮನ ಕೈಯಿಂದ ಬಟ್ಟೆ ತೆಗೆದಿಟ್ಟು, ನಿಜವಾಗ್ಲೂನಾ ಎಂದು ಕೇಳಿದಳು. ಅವಳ ಕಣ್ಣಲ್ಲಿ ಅಷ್ಟು ಸಂತೋಷ ಕಂಡು ದೊಡ್ಡಕ್ಕನಿಗೆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ಬರಲಿಲ್ಲ. ಸ್ಕೂಟರಿನಲ್ಲಿ ವರ್ಷಗಟ್ಟಲೆ ಕೆಲಸಕ್ಕೆ ಓಡಾಡಿದವಳಿಗೆ ಗೇರು ಹಾಕುವುದನ್ನು ಮಗಳೇ ಕಲಿಸಿದಳು. ಊರು ಬಿಟ್ಟು ಹೋಗುತ್ತಿದ್ದ ಸದಸ್ಯನೊಬ್ಬನ ಹಳೇ ಬೈಕನ್ನೂ ಅವಳೇ ಹುಡುಕಿ ಕೊಟ್ಟಳು.

ಗುಂಪಿನ ಮುಂದಾಳು ಡ್ರೈವಿಂಗ್ ಪರೀಕ್ಷೆ ಮಾಡುತ್ತಿದ್ದ ನಿವೃತ್ತ ಅಧಿಕಾರಿ. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಮುಚ್ಚಿದ ಮಿಲ್ಲಿನ ಮೈದಾನದಲ್ಲಿ ಅಭ್ಯಾಸ ಮಾಡದೆ ಯಾರನ್ನೂ ಅವರು ರಸ್ತೆಗೆ ಕರೆದೊಯ್ಯುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ಯಾವಾಗಲೂ ಒಬ್ಬ ಬೇಕರಿಯವ ಬರುತ್ತಿದ್ದ. ದಪ್ಪ ಮೈ, ದಪ್ಪ ಮೀಸೆ, ಬೆನ್ನ ಚೀಲದಲ್ಲಿ ಎಲ್ಲರಿಗೂ ಬನ್ನು. ಹಿಂದೆ ಉಳಿದವರನ್ನು ನೋಡಿಕೊಳ್ಳುವುದು ಅವನ ಕೆಲಸ. ಬಾಲದಲ್ಲಿ ಬರುತ್ತಾನೆಂದು ಅವನಿಗೆ ಬಾಲಣ್ಣ ಎಂದು ಹೆಸರು ಬಿದ್ದಿತ್ತು. ಮದುವೆಯ ಕಾಗದದಲ್ಲೂ ಹಾಗೇ ಅಚ್ಚಾಗಿದ್ದರೆ ಚೆನ್ನಾಗಿತ್ತು, ಇವನು ಎಲ್ಲದರಲ್ಲೂ ಹಿಂದೆ ಎಂದು ಹೆಂಡತಿಗೂ ಮೊದಲೇ ಗೊತ್ತಾಗುತ್ತಿತ್ತು ಎಂದು ಅವನೇ ನಗುತ್ತಿದ್ದ.

ಮೈದಾನದಲ್ಲಿ ಮೇಷ್ಟ್ರು ಮೊದಲು ಬೈಕನ್ನು ನೆಲಕ್ಕೆ ಮಲಗಿಸಿ ಎತ್ತಿಸಿದರು. ಬೆನ್ನು ಕೊಟ್ಟು ಕುಕ್ಕರಿಸಿ, ಕಾಲಿನ ಬಲದಿಂದ ಹಿಂದಕ್ಕೆ ನಡೆಯಬೇಕು. ಎತ್ತುವುದೇನೋ ಬಂತು. ಓಡಿಸುವಾಗ ಮಾತ್ರ ದೊಡ್ಡಕ್ಕನ ಅಂಗೈ ಕೈಗವಸಿನೊಳಗೇ ಬೆವರುತ್ತಿತ್ತು. ತಿರುವಿನಲ್ಲಿ ಹೋಗಬೇಕಾದ ಕಡೆಗೇ ನೋಡಿ, ಕಣ್ಣು ಎಲ್ಲಿಯೋ ಬೈಕು ಅಲ್ಲಿ ಎಂದು ಮೇಷ್ಟ್ರು ಹೇಳಿ ಹೇಳಿ ಸೋತರು. ಆಕೆಯ ಕಣ್ಣು ಮೈದಾನದ ಆಚೆ ತುದಿಯಲ್ಲಿ ಸುತ್ತುತ್ತಿದ್ದ ಮಗಳ ಮೇಲೆಯೇ ಇರುತ್ತಿತ್ತು. ಆದರೂ ಕೆಲವು ವಾರಗಳ ಮೇಲೆ ಅವರು ಒಪ್ಪಿದರು. ಆಕೆ ಹೆದರಿದ್ದಾಳೆಂದು ಅವರಿಗೆ ಗೊತ್ತಿತ್ತು. ಹೆದರಿಕೆ ಇರುವವರು ಜೋರಾಗಿ ಓಡಿಸುವುದಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದೇ ಎಂದು ಅವರ ಎಣಿಕೆ.

ಮೊದಲ ಸವಾರಿಯ ದಿನ ಬಿಸಿಲು ಚೆನ್ನಾಗಿತ್ತು. ಹೊಸಬರು ಮೇಷ್ಟ್ರ ಬೆನ್ನ ಹಿಂದೆಯೇ ಇರಬೇಕು ಎಂಬುದು ಪದ್ಧತಿ. ಹಾಗಾಗಿ ಮಗಳು ಹಿಂದಾದಳು. ದೊಡ್ಡಕ್ಕನಿಗೆ ಕನ್ನಡಿ ನೋಡಿ ನೋಡಿ ಕತ್ತು ನೊಂದಿತು. ಬಯಲು ರಸ್ತೆ ಮುಗಿದು ಏರು ಶುರುವಾದಾಗ ಆಕೆ ತೀರಾ ನಿಧಾನವಾದಳು. ಒಂದು ಕಡೆ ಎಲ್ಲರೂ ನಿಂತಾಗ, ಹಿಂದಿನವರಿಗೆ ಕಷ್ಟವಾಗುತ್ತಿದೆ ಎಂದು ನೆಪ ಹೇಳಿ, ತಾನು ಕೊನೆಗೆ, ಬಾಲಣ್ಣನ ಮುಂದೆ ಬರುತ್ತೇನೆಂದು ಕೇಳಿಕೊಂಡಳು. ಮೇಷ್ಟ್ರು ಅನುಮಾನಿಸಿದರು, ಬಾಲಣ್ಣ ನಾನಿದ್ದೀನಿ ಬಿಡಿ ಎಂದ. ಈಗ ಮಗಳ ಕೆಂಪು ಹೆಲ್ಮೆಟ್ಟು ಎದುರಿಗೇ ಕಾಣುತ್ತಿತ್ತು.

ಕಂಡಿತೆಂದು ಹೆದರಿಕೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಳಕಾಲೆತ್ತರದ ಕಲ್ಲುಕಟ್ಟೆ, ಅದರಾಚೆ ಬರೀ ಗಾಳಿ. ಮಗಳು ತಿರುವಿನಲ್ಲಿ ವಾಲಿದಾಗಲೆಲ್ಲ ದೊಡ್ಡಕ್ಕನ ಬೆರಳು ತನ್ನ ಬ್ರೇಕಿನ ಮೇಲೆ ಹೋಗುತ್ತಿತ್ತು. ಪ್ರತಿ ತಿರುವಿಗೂ ಹಳೆಯದೊಂದು ದನಿ ಕಿವಿಯಲ್ಲಿ ಏಳುತ್ತಿತ್ತು. 'ಉಸಿರಾಡ್ತಿಲ್ಲ, ಬೇಗ ಬನ್ನಿ.' 'ನನ್ನ ತಮ್ಮ ಕೆಳಗೆ ಬಿದ್ದಿದಾನೆ, ಕಾಣಿಸ್ತಿಲ್ಲ.' ಹೆಲ್ಮೆಟ್ಟಿನೊಳಗೆ ತನ್ನ ಉಸಿರೇ ಬಿಸಿಯಾಗಿ ಮುಖಕ್ಕೆ ಹೊಡೆಯುತ್ತಿತ್ತು.

ಕಲ್ಲು ಗಣಿಯ ಹತ್ತಿರ ರಸ್ತೆ ಬಂಡೆಯನ್ನು ಸುತ್ತಿ ತಿರುಗುತ್ತದೆ. ಮಗಳು ಬಂಡೆಯ ಆಚೆಗೆ ಹೋಗಿ ಮರೆಯಾದಳು. ಅದೇ ಗಳಿಗೆಗೆ ಆ ಕಡೆಯಿಂದ ಢಂ ಎಂದು ಸದ್ದು ಬಂತು, ತಗಡು ಕಲ್ಲಿಗೆ ಅಪ್ಪಳಿಸಿದಂಥ ಸದ್ದು.

ದೊಡ್ಡಕ್ಕ ಏನೂ ಯೋಚಿಸಲಿಲ್ಲ. ತಿರುವಿನ ನಟ್ಟನಡುವೆ ಕೈ, ಕಾಲು ಎರಡರ ಬ್ರೇಕನ್ನೂ ಇದ್ದ ಬಲವೆಲ್ಲ ಹಾಕಿ ಹಿಡಿದಳು. ಬೈಕು ತೊನೆದು ರಸ್ತೆಯ ಮಧ್ಯೆ ನಿಂತುಬಿಟ್ಟಿತು. ಹಿಂದಿನಿಂದ ಒಂದು ಹಾರ್ನು, ಟೈರಿನ ಕಿರುಚು. ಬಾಲಣ್ಣನ ಬೈಕು ಆಕೆಯ ಮೊಣಕೈಗೆ ತಾಗಿತೋ ಇಲ್ಲವೋ ಎನ್ನುವಷ್ಟು ಹತ್ತಿರದಲ್ಲಿ ಪಕ್ಕಕ್ಕೆ ಹೊರಳಿ, ಗಣಿಯ ಲಾರಿಗಳು ಚೆಲ್ಲಿದ್ದ ಜಲ್ಲಿಯ ಮೇಲೆ ಜಾರಿ, ಅವನನ್ನೂ ಎಳೆದುಕೊಂಡು ಹೋಗಿ ಕಲ್ಲುಕಟ್ಟೆಗೆ ಬಡಿಯಿತು. ಆಮೇಲೆ ಚಕ್ರ ಗಾಳಿಯಲ್ಲಿ ತಿರುಗುವ ಸದ್ದು ಮಾತ್ರ ಉಳಿಯಿತು.

ಹೇಗೆ ಕೆಳಗಿಳಿದಳೋ, ಫೋನು ಯಾವಾಗ ತೆಗೆದಳೋ ಆಕೆಗೆ ನೆನಪಿಲ್ಲ. ಕಂಟ್ರೋಲ್ ರೂಮಿನಲ್ಲಿ ಕರೆ ಎತ್ತಿದ್ದು ಆಕೆಯ ಪಕ್ಕದ ಕುರ್ಚಿಯಲ್ಲೇ ಕೆಲಸ ಕಲಿತ ಹುಡುಗಿ. "ನೀವೀಗ ಎಲ್ಲಿದ್ದೀರಿ?" ಎಂದು ಅವಳು ಕೇಳಿದಳು. ದನಿ ಏರಲಿಲ್ಲ, ಇಳಿಯಲಿಲ್ಲ. ದೊಡ್ಡಕ್ಕ ಬಾಯಿ ತೆರೆದಳು. ಬೆಟ್ಟ ಎಂದಳು. ಬಂಡೆ ಎಂದಳು. ಗಣಿ ಎಂಬ ಮಾತು ನಾಲಿಗೆಗೆ ಬರಲೇ ಇಲ್ಲ. ಕಟ್ಟೆಯ ಬುಡದಲ್ಲಿ ಬಿದ್ದಿದ್ದ ದಪ್ಪ ಮೈ ಅಲುಗುತ್ತಿರಲಿಲ್ಲ, ಚೀಲದ ಬನ್ನುಗಳು ಜಲ್ಲಿಯ ಮೇಲೆ ಚೆಲ್ಲಿದ್ದವು. ಸುತ್ತ ಏನು ಕಾಣ್ತಿದೆ, ನಿಧಾನಕ್ಕೆ ಹೇಳಿ ಎಂದು ಹುಡುಗಿ ಮತ್ತೆ ಕೇಳಿದಳು. ಕಾಣುತ್ತಿದ್ದದ್ದನ್ನು ಹೇಳುವ ಶಕ್ತಿ ದೊಡ್ಡಕ್ಕನಿಗೆ ಇರಲಿಲ್ಲ.

"ಅಮ್ಮ, ಫೋನ್ ಕೊಡು."

ಮಗಳು. ಇಡಿಯಾಗಿ, ಗೀರೂ ಇಲ್ಲದೆ ನಿಂತಿದ್ದಳು. ಬಂಡೆಯಾಚೆ ಗಣಿಯ ಲಾರಿಯೊಂದರ ಹಿಂಬಾಗಿಲು ಕಳಚಿ ಬಿದ್ದಿತ್ತು, ಅಷ್ಟೇ. ಅವಳು ಫೋನು ತೆಗೆದುಕೊಂಡು ಗಣಿಯ ಗೇಟು, ನೀರಿನ ಟ್ಯಾಂಕು, ಯಾವ ಕಡೆಯಿಂದ ಬಂದರೆ ಬೇಗ ಎಂಬುದನ್ನೆಲ್ಲ ಒಂದೊಂದಾಗಿ ಹೇಳಿದಳು. ಮೇಷ್ಟ್ರು ಓಡಿ ಬಂದರು. ಬೈಕು ಬಾಲಣ್ಣನ ಕಾಲ ಮೇಲೆ ಬಿದ್ದಿತ್ತು. ಎತ್ತೋಣ ಬನ್ನಿ ಎಂದು ಅವರು ಕೂಗಿದಾಗ ದೊಡ್ಡಕ್ಕನಿಗೆ ಮೈಯಲ್ಲಿ ಜೀವ ಬಂದಂತಾಯಿತು. ಬೆನ್ನು ಕೊಟ್ಟು ಕುಕ್ಕರಿಸಿದಳು. ಇಬ್ಬರೂ ಸೇರಿ ಎತ್ತುತ್ತಿದ್ದಂತೆ ಬಾಲಣ್ಣ ನರಳಿದ. ಅದಕ್ಕಿಂತ ಇಂಪಾದ ಸದ್ದನ್ನು ಆಕೆ ಕೇಳಿರಲಿಲ್ಲ.

ಕಾಲು ಮುರಿದಿತ್ತು, ಭುಜದ ಕೀಲು ತಪ್ಪಿತ್ತು. ಪ್ರಾಣಕ್ಕೇನೂ ಅಪಾಯವಿಲ್ಲ ಎಂದು ಆಂಬುಲೆನ್ಸಿನವರು ಹೇಳಿ ಕರೆದೊಯ್ದರು. ಉಳಿದವರು ಗುಂಪಾಗಿ ನಿಂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಯಾರೂ ದೊಡ್ಡಕ್ಕನ ಮುಖ ನೋಡಲಿಲ್ಲ. ಮೇಷ್ಟ್ರು ಮಾತ್ರ ಎದುರು ಬಂದು ನಿಂತರು. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ತಪ್ಪು ನಿಮ್ಮದು. ಜಾಗ ಬದಲಾಯಿಸೋಕೆ ಬಿಟ್ಟದ್ದು ನನ್ನದು" ಎಂದು ಹೇಳಿ ಹೋದರು.

ಮಗಳು ಬಂದು ಕಟ್ಟೆಯ ಪಕ್ಕದಲ್ಲಿ ಕೂತಳು. ತಿರುವಿನ ಮಧ್ಯೆ ಯಾಕೆ ನಿಲ್ಲಿಸಿದೆ ಎಂದು ಕೇಳಿದಳು. ಸದ್ದು ಕೇಳಿತು, ನೀನೇ ಬಿದ್ದೆ ಅಂದುಕೊಂಡೆ ಎಂದಳು ದೊಡ್ಡಕ್ಕ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

"ನಂಗೆ ಬೈಕ್ ಆಸೆ ಇರಲಿಲ್ಲ ಕಣೆ. ನಿನ್ನ ಕಾಯೋಕೆ ಬಂದೆ."

ಮಗಳ ಮುಖ ಸಣ್ಣಗಾಯಿತು. ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ಪೆಟ್ಟಾಗಿತ್ತು. "ನಾನು ಎಲ್ಲರ ಹತ್ರಾನೂ ಹೇಳ್ಕೊಂಡು ಓಡಾಡಿದೆ, ನಮ್ಮಮ್ಮ ಈ ವಯಸ್ಸಲ್ಲಿ ಕಲೀತಿದಾಳೆ ಅಂತ" ಎಂದಳು.

ದೊಡ್ಡಕ್ಕನ ಬೈಕನ್ನು ಬೆಟ್ಟದ ಮೇಲೆ ಬಿಟ್ಟು ಬರುವ ಹಾಗಿರಲಿಲ್ಲ. ಬೇರೆ ಯಾರಾದರೂ ಇಳಿಸಲಿ ಎಂದು ದೊಡ್ಡಕ್ಕ ಬೇಡಿಕೊಂಡಳು. ಎಲ್ಲರಿಗೂ ತಂತಮ್ಮ ಬೈಕಿತ್ತು. ಮೇಷ್ಟ್ರು ಮುಂದೆ ಹೊರಟರು, ನಡುವೆ ಆಕೆ, ಹಿಂದೆ ಮಗಳು. ಹತ್ತುವಾಗ ಹೆದರಿದ್ದೆಲ್ಲ ಏನೂ ಅಲ್ಲ ಎನ್ನುವಂತಿತ್ತು ಆ ಇಳಿಜಾರು. ಪ್ರತಿ ತಿರುವಿನಲ್ಲೂ ಕಲ್ಲುಕಟ್ಟೆ ತನ್ನನ್ನೇ ಕರೆಯುತ್ತಿದೆ ಎನಿಸುತ್ತಿತ್ತು. ಕನ್ನಡಿ ನೋಡುವ ಧೈರ್ಯವಾಗಲಿಲ್ಲ. ಮೇಷ್ಟ್ರ ಬೆನ್ನು, ಅದರಾಚೆಯ ರಸ್ತೆ, ಮತ್ತೆ ಮೇಷ್ಟ್ರ ಬೆನ್ನು. ಇಡೀ ಬೆಟ್ಟ ಇಳಿಯುವಷ್ಟು ಹೊತ್ತು ಮಗಳ ಯೋಚನೆ ತಲೆಗೆ ಬರಲಿಲ್ಲ ಎಂಬುದು ಆಕೆಗೆ ಗೊತ್ತಾದದ್ದು ಬಯಲಿಗೆ ಬಂದು ಪೆಟ್ರೋಲ್ ಬಂಕಿನಲ್ಲಿ ನಿಂತ ಮೇಲೆ.

ಮಗಳು ಹೆಲ್ಮೆಟ್ಟು ತೆಗೆದಳು. ಮುಖ ಬಿಳಚಿಕೊಂಡಿತ್ತು, ತುಟಿ ಕಚ್ಚಿ ಕಚ್ಚಿ ಕೆಂಪಾಗಿತ್ತು. ಬೈಕಿನಿಂದ ಇಳಿದು ಬಂಕಿನ ಮೆಟ್ಟಿಲ ಮೇಲೆ ದೊಪ್ಪನೆ ಕೂತಳು. ದೊಡ್ಡಕ್ಕ ಪಕ್ಕದಲ್ಲಿ ಕೂತಳು.

"ನೀನು ಈಗ ಬೀಳ್ತೀಯ, ಈಗ ಬೀಳ್ತೀಯ ಅಂತ..." ಎಂದವಳು ಮಾತು ಮುಗಿಸದೆ ಅಮ್ಮನ ತೋಳಿಗೆ ತಲೆಯಿಟ್ಟಳು. ಗಂಡು ನಾಯಿಗಳನ್ನೂ ಅದುಮಿ ಹಿಡಿಯುವ ಕೈ ಗಡಗಡ ನಡುಗುತ್ತಿತ್ತು. ದೊಡ್ಡಕ್ಕ ಆ ಕೈಯನ್ನು ತನ್ನೆರಡು ಕೈಯೊಳಗೆ ಇಟ್ಟುಕೊಂಡಳು. ತನ್ನ ಕೈಯೂ ನಡುಗುತ್ತಿದ್ದುದರಿಂದ ಯಾವ ನಡುಕ ಯಾರದೆಂದು ತಿಳಿಯಲಿಲ್ಲ.

ಆ ಸಂಜೆಯೇ ಆಸ್ಪತ್ರೆಗೆ ಹೋದರು. ಬಾಲಣ್ಣನ ಹೆಂಡತಿ ಬಾಗಿಲಲ್ಲೇ ದೊಡ್ಡಕ್ಕನನ್ನು ತಡೆದು, ನೀವೇನಾ ಎಂದು ಕೇಳಿದಳು. ನಾನೇ ಎಂದಳು ದೊಡ್ಡಕ್ಕ. ಹೆಂಗಸು ಒಂದು ನಿಮಿಷ ನೋಡಿ, ಮುಖ ತಿರುಗಿಸಿ ಒಳಗೆ ಬಿಟ್ಟಳು. ಅವಳು ದೊಡ್ಡಕ್ಕನ ಜೊತೆ ಇವತ್ತಿಗೂ ಅಷ್ಟಾಗಿ ಮಾತಾಡುವುದಿಲ್ಲ. ಬಾಲಣ್ಣ ಔಷಧದ ಮತ್ತಿನಲ್ಲಿದ್ದ. ದೊಡ್ಡಕ್ಕ ಕ್ಷಮೆ ಕೇಳಿದಾಗ, "ಅಕ್ಕ, ನಿಮ್ಮ ಮಗಳಿಗೆ ಓಡಿಸೋಕೆ ಬರುತ್ತೆ. ಅವಳನ್ನ ಬಿಟ್ಟು ರಸ್ತೆ ನೋಡಿ" ಎಂದು ಹೇಳಿ ಕಣ್ಣು ಮುಚ್ಚಿಕೊಂಡ.

ಗುಂಪಿನಲ್ಲಿ ಆಕೆಯನ್ನು ತೆಗೆದುಹಾಕಬೇಕು ಎಂದವರೂ ಇದ್ದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ, ದೊಡ್ಡಕ್ಕ ಎದುರಾಡಲಿಲ್ಲ. ಬಾಲಣ್ಣ ಎದ್ದು ಓಡಾಡುವವರೆಗೂ ಆಕೆ ಬೆಟ್ಟಕ್ಕೆ ಬರಕೂಡದು, ಮೈದಾನದಲ್ಲಿ ಮೊದಲಿನಿಂದ ಕಲಿಯಬೇಕು ಎಂದು ಮೇಷ್ಟ್ರು ತೀರ್ಮಾನ ಹೇಳಿದರು. ಇಷ್ಟವಿದ್ದರೆ ಮಾತ್ರ ಎಂದೂ ಸೇರಿಸಿದರು. ಬೈಕು ಮಾರಿಬಿಡು ಎಂದು ಮಗಳು ಹೇಳಲಿಲ್ಲ, ಇಟ್ಟುಕೋ ಎಂದೂ ಹೇಳಲಿಲ್ಲ.

ಮುಂದಿನ ಭಾನುವಾರ ಮಗಳು ಬೆಟ್ಟಕ್ಕೆ ಹೊರಟಳು. ಹೊರಡುವ ಮುಂಚೆ, ತಲುಪಿದ ಮೇಲೆ ಫೋನ್ ಮಾಡ್ತೀನಿ ಎಂದು ತಾನಾಗಿಯೇ ಹೇಳಿದಳು. ದೊಡ್ಡಕ್ಕ ಗೇಟಿನವರೆಗೆ ಹೋಗಿ ಬಂದಳು. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡಳು. ಕೂರಲಾಗಲಿಲ್ಲ. ಕೈಗವಸು, ಹೆಲ್ಮೆಟ್ಟು ತೆಗೆದುಕೊಂಡು ಬೈಕು ಹೊರಗೆ ತಳ್ಳಿದಳು.

ಮೈದಾನದಲ್ಲಿ ಆಗಲೇ ಬಿಸಿಲು ಏರಿತ್ತು. ಮೇಷ್ಟ್ರು ಬೆಟ್ಟಕ್ಕೆ ಹೋಗಿದ್ದರು, ಹೊಸದಾಗಿ ಕಲಿಯುವವರಿಬ್ಬರು ಒಂದು ಮೂಲೆಯಲ್ಲಿ ಸುತ್ತುತ್ತಿದ್ದರು. ದೊಡ್ಡಕ್ಕ ನೆಲದಲ್ಲಿ ಇಟ್ಟಿಗೆಗಳನ್ನಿಟ್ಟು ತಿರುವೊಂದನ್ನು ಮಾಡಿಕೊಂಡಳು. ಒಳಗೆ ನುಗ್ಗಿದಾಗ ಕೈ ತಾನಾಗಿಯೇ ಬ್ರೇಕಿನ ಕಡೆ ಹೋಯಿತು. ಹಿಡಿಯಲಿಲ್ಲ. ತಿರುವು ಮುಗಿಯುವ ಕಡೆಗೆ, ಮಿಲ್ಲಿನ ಮುರಿದ ಗೋಡೆಯ ಕಡೆಗೆ ಕಣ್ಣಿಟ್ಟು, ಹೆದರಿಕೊಂಡೇ, ಬೈಕನ್ನು ವಾಲಿಸಿದಳು.