ಮೇಟ್ರನ್ ಅಮ್ಮನ ಕೋಟು

ಕೊರಳಪಟ್ಟಿಗೆ ಸದಾ ಒಂದು ಸೂಜಿ ಚುಚ್ಚಿಕೊಂಡೇ ಇರುತ್ತಿದ್ದಳೆಂದು ಬೀದಿಯವರೆಲ್ಲ ಅವಳನ್ನು ಸೂಜಕ್ಕ ಅನ್ನುತ್ತಿದ್ದರು. ಅವಳ ಕಸೂತಿ ಅಂಗಡಿ ಔಷಧಿ ಅಂಗಡಿಗೂ ಮೇಲಿನ ಮನೆಗಳ ಮೆಟ್ಟಿಲಿಗೂ ನಡುವೆ ಸಿಕ್ಕಿಹಾಕಿಕೊಂಡ ಉದ್ದನೆಯ ಕೋಣೆ. ಒಳಗೆ ಇಬ್ಬರು ಎದುರುಬದುರಾದರೆ ಒಬ್ಬರು ಅಡ್ಡ ತಿರುಗಿ ದಾರಿ ಬಿಡಬೇಕು. ಬಾಗಿಲ ಬಳಿ ಗಿರಾಕಿಗೊಂದು ಕುರ್ಚಿ, ಅಡ್ಡಕ್ಕೆ ಒಂದು ಮೇಜು, ಮೇಜಿನಾಚೆ ಕಂಪ್ಯೂಟರ್ ಕಸೂತಿಯ ಮಿಷನ್ನು, ಗೋಡೆಯುದ್ದಕ್ಕೂ ಬಣ್ಣಬಣ್ಣದ ದಾರದ ಉರುಳೆಗಳು.

ಅವಳು ಬಟ್ಟೆ ಮಾರುತ್ತಿರಲಿಲ್ಲ. ಜನರೇ ತಮ್ಮ ಟವೆಲು, ಟೋಪಿ, ಏಪ್ರನ್ನು, ಮಗುವಿನ ಹೊದಿಕೆ ತಂದು, ಇದರ ಮೇಲೊಂದು ಹೆಸರು ಹಾಕಿಕೊಡಿ ಅನ್ನುತ್ತಿದ್ದರು. ಗಿರಾಕಿ ತಂದ ಬಟ್ಟೆಯನ್ನು ದೊಡ್ಡ ಅಂಗಡಿಗಳು ಮುಟ್ಟುವುದಿಲ್ಲ. ಅಂಗಡಿಯ ಬಟ್ಟೆ ಕೆಟ್ಟರೆ ಕಟ್ಟಿನಿಂದ ಇನ್ನೊಂದು ಎಳೆದುಕೊಂಡರಾಯಿತು. ಗಿರಾಕಿಯದು ಕೆಟ್ಟರೆ ಅದರ ಜೋಡಿ ಎಲ್ಲಿ ಹುಡುಕುವುದು? ಸೂಜಕ್ಕನಿಗೂ ಇದು ಗೊತ್ತಿಲ್ಲದ್ದೇನಲ್ಲ. ಆದರೆ ದೊಡ್ಡ ಅಂಗಡಿಯವರು ಒಲ್ಲೆವೆಂದ ಕೆಲಸದಿಂದಲೇ ಅವಳ ಮನೆಯ ಒಲೆ ಉರಿಯುತ್ತಿತ್ತು.

ಮೇಟ್ರನ್ ಅಮ್ಮ ಬಂದದ್ದೂ ಹಾಗೆಯೇ. ಆಸ್ಪತ್ರೆಯೊಂದರಲ್ಲಿ ನರ್ಸುಗಳಿಗೆಲ್ಲ ಮುಖ್ಯಸ್ಥೆಯಾಗಿದ್ದು ನಿವೃತ್ತರಾದ ಆಕೆ, ಈಗ ಮಗ ಸೊಸೆಯ ಜೊತೆ ಹಿಂದಿನ ಬೀದಿಯಲ್ಲಿದ್ದರು. ನೆಟ್ಟಗಿನ ಬೆನ್ನು, ಗಟ್ಟಿ ಗಂಟಲು. ಕಡುನೀಲಿ ಉಣ್ಣೆಯ ಕೋಟೊಂದನ್ನು ಮೇಜಿನ ಮೇಲೆ ಹರಡಿ, "ಎದೆ ಮೇಲೆ ನನ್ನ ಹೆಸರು ಹಾಕು. ದೊಡ್ಡದಾಗೇ ಹಾಕು," ಅಂದರು.

"ಇಷ್ಟು ವರ್ಷ ಆದ್ಮೇಲೆ ಈಗ್ಯಾಕಮ್ಮ ಹೆಸರು?"

"ಸೊಸೆ ಬೀರು ಖಾಲಿ ಮಾಡ್ತಿದ್ದಾಳೆ. ಹಳೇದೆಲ್ಲ ಗಂಟು ಕಟ್ಟಿ ಯಾರ್ಯಾರಿಗೋ ಕೊಟ್ಟುಬಿಡ್ತಾಳೆ. ಹೆಸರಿದ್ರೆ ಕೊಡೋಕೆ ಕೈ ಬರಲ್ಲ ನೋಡು."

ಕೋಟಿನ ಒಳಗಿನ ಅಸ್ತರು ಹಳೆಯದಾಗಿ ಜೋಲುತ್ತಿತ್ತು. ಸೂಜಕ್ಕ ಅದನ್ನು ನೋಡಿಯೂ ನೋಡದಂತೆ ಬಿಟ್ಟಳು. ಮೊದಲು ಬಿಚ್ಚಿ ಸರಿಮಾಡಿಕೊಳ್ಳಬೇಕಿತ್ತು. ನಾಲ್ಕಕ್ಷರದ ಕೆಲಸ ತಾನೇ ಎಂದು ಹಾಗೇ ಕಸೂತಿಯ ರಿಂಗಿಗೆ ಬಿಗಿದಳು. ಕೊನೆಯ ಅಕ್ಷರಕ್ಕೆ ಬರುವಾಗ ಮಿಷನ್ನಿನ ಸದ್ದು ಬದಲಾಯಿತು. ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಕೆಳಗೆ ದಾರ ಗೂಡುಕಟ್ಟಿ, ಬಟ್ಟೆಯನ್ನು ಒಳಕ್ಕೆಳೆದುಕೊಂಡು, ಸೂಜಿ ಪಟ್ಟೆಂದು ಮುರಿಯಿತು. ಕತ್ತರಿಯ ತುದಿಯಲ್ಲಿ ಎಳೆ ಎಳೆಯಾಗಿ ಬಿಡಿಸುತ್ತ ಹೋದಳು. ಕೋಟೇನೋ ಬಿಟ್ಟುಕೊಂಡಿತು. ಆದರೆ ಎದೆಯ ಜಾಗದಲ್ಲಿ ಹೆಬ್ಬೆರಳು ತೂರುವಷ್ಟು ತೂತು.

ಮರುದಿನ ಅವಳು ಮುಚ್ಚುಮರೆ ಮಾಡದೆ ತೋರಿಸಿದಳು. ಮೇಟ್ರನ್ ಅಮ್ಮ ಕನ್ನಡಕ ಏರಿಸಿ ತೂತನ್ನು ಗಾಯ ನೋಡಿದ ಹಾಗೆ ನೋಡಿದರು.

"ಬೇರೆ ಕೋಟು ಕೊಡಿಸ್ತೀನಮ್ಮ. ಇಂಥದ್ದೇ ಹುಡುಕಿ ಕೊಡಿಸ್ತೀನಿ."

"ಕೋಟು ಕೊಡಿಸ್ತೀಯ. ಇದನ್ನ ಹಾಕ್ಕೊಂಡು ರಾತ್ರಿಯೆಲ್ಲ ಓಡಾಡಿದ ವಾರ್ಡು ಕೊಡಿಸ್ತೀಯಾ?"

ಬೈದಿದ್ದರೆ ಸೂಜಕ್ಕ ಬೈಸಿಕೊಂಡು ಹಗುರಾಗಬಹುದಿತ್ತು. ಮೇಟ್ರನ್ ಅಮ್ಮ ಬೈಯಲಿಲ್ಲ. "ಹೋಗ್ಲಿ ಬಿಡು. ಬೇಕಂತ ಮಾಡಿದ್ಯಾ?" ಎಂದು ಗಿರಾಕಿಯ ಕುರ್ಚಿಯಲ್ಲಿ ಕೂತರು. ಒಂದು ಲೋಟ ನೀರು ಕೇಳಿದರು. ನೀರು ಕುಡಿದ ಮೇಲೂ ಏಳಲಿಲ್ಲ. ಸಂಜೆ ಹೊರಡುವಾಗ ಕೋಟನ್ನು ಗೋಡೆಯ ಮೊಳೆಗೆ ತೂಗುಹಾಕಿದರು. "ಮನೆಗೆ ತಗೊಂಡು ಹೋದ್ರೆ ಸೊಸೆಗೆ ನೆಪ ಸಿಕ್ಕಿದ ಹಾಗೆ. ಇಲ್ಲೇ ಇರ್ಲಿ."

ಮಾರನೆಯ ದಿನ ದಿಂಬಿನ ಚೀಲ ತಂದರು. "ಇದರ ಮೂಲೇಲಿ ಒಂದು ಹೂವು ಹಾಕು, ಕೈ ಕುದುರುತ್ತೆ." ಅದರ ಮಾರನೆಯ ದಿನ ಕರವಸ್ತ್ರ. ಆಮೇಲೆ ಪರದೆ. ಸೂಜಕ್ಕ ಎಲ್ಲವನ್ನೂ ಪುಕ್ಕಟೆ ಮಾಡಿಕೊಟ್ಟಳು. ಬೇಡ ಅನ್ನಲು ಬಾಯಿ ತೆರೆದರೆ ಎದುರಿಗೇ ಕೋಟು ತೂತು ತೋರಿಸಿಕೊಂಡು ನಿಂತಿರುತ್ತಿತ್ತು.

ಮಳೆ ಹೋಗಿ ಚಳಿ ಬರುವುದರೊಳಗೆ ಅಂಗಡಿ ಅರ್ಧ ವಾರ್ಡಾಗಿತ್ತು. ಶಟರ್ ಎತ್ತುವ ಮೊದಲೇ ಮೇಟ್ರನ್ ಅಮ್ಮ ಬಾಗಿಲಲ್ಲಿರುತ್ತಿದ್ದರು. ಕುರ್ಚಿ ಫ್ಯಾನಿನ ಕೆಳಗೆ ಬಂತು, ಅದಕ್ಕೊಂದು ಮೆತ್ತೆ ಬಂತು. ದಾರದ ಉರುಳೆಗಳನ್ನು ತಮಗೆ ಬೇಕಾದ ಕ್ರಮದಲ್ಲಿ ಜೋಡಿಸಿದರು. ಸೂಜಕ್ಕ ಕೆಂಪಿಗೆ ಕೈಚಾಚಿದರೆ ಹಸಿರು ಸಿಗತೊಡಗಿತು. "ಬೆನ್ನು ನೆಟ್ಟಗಿಟ್ಕೋ." "ಅನ್ನ ತಿಂದ ಕೈಲಿ ಬಿಳೀ ಬಟ್ಟೆ ಮುಟ್ಬೇಡ." ಬಂದ ಗಿರಾಕಿಗಳನ್ನು ಮಾತಾಡಿಸುವುದೂ ಅವರೇ.

"ಏನಾಗಿದೆ?" ಎಂದು ಕೇಳುತ್ತಿದ್ದರು.

"ಏನೂ ಆಗಿಲ್ಲಮ್ಮ, ಟೋಪಿ ಮೇಲೆ ಮಗನ ಹೆಸರು..."

"ಯಾವಾಗ ತಂದ ಟೋಪಿ? ಒಗೆದಿದ್ದೀರಾ? ಸರಿ, ಕೊಡಿ ಇಲ್ಲಿ. ನನ್ನ ಕೋಟು ಕೆಡಿಸಿದ ಕೈ ಇದು, ಆದ್ರೂ ಹುಡುಗಿ ಒಳ್ಳೆಯೋಳು."

ಗಿರಾಕಿ ಒಮ್ಮೆ ಗೋಡೆ ನೋಡುತ್ತಿದ್ದ, ಒಮ್ಮೆ ಟೋಪಿ ನೋಡುತ್ತಿದ್ದ. ಕೆಲವರು ಕೊಟ್ಟು ಹೋಗುತ್ತಿದ್ದರು. ಕೆಲವರಿಗೆ ಇದ್ದಕ್ಕಿದ್ದಂತೆ ಬೇರೆ ಕೆಲಸ ನೆನಪಾಗುತ್ತಿತ್ತು.

ಸೂಜಕ್ಕ ಗಂಡನ ಮುಂದೆ ಹೇಳಿಕೊಂಡಳು. ಅವನು ಬಸ್ ಡಿಪೋದಲ್ಲಿ ಮೆಕಾನಿಕ್. ಮಧ್ಯಾಹ್ನ ಊಟದ ಡಬ್ಬಿ ತಂದಾಗಲೆಲ್ಲ ಮೇಟ್ರನ್ ಅಮ್ಮನಿಂದ ರಕ್ತದೊತ್ತಡ ನೋಡಿಸಿಕೊಂಡು ಖುಷಿಯಾಗಿದ್ದ.

"ವಯಸ್ಸಾದೋರು, ಪಾಪ. ಕೂತಿದ್ದು ಹೋಗ್ತಾರೆ. ನಿನ್ನ ಗಂಟೇನು ಹೋಯ್ತು?"

"ಗಂಟಲ್ಲ, ಉಸಿರು. ನನ್ನ ಅಂಗಡೀಲಿ ನನಗೇ ಕೆಮ್ಮೋಕೆ ಭಯ. ಕೆಮ್ಮಿದ್ರೆ ಕಷಾಯ ಕುಡಿಸ್ತಾರೆ."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಕೆಟ್ಟದ್ದೆಂದರೆ ಅವಳ ಕೈಗೇ ಹೆದರಿಕೆ ಹೊಕ್ಕಿತ್ತು. ಮೊದಲೆಲ್ಲ ಯಾವ ಬಟ್ಟೆ ಬಂದರೂ ಬೆರಳಲ್ಲಿ ಹೊಸಕಿ ನೋಡಿ ರಿಂಗಿಗೆ ಬಿಗಿಯುತ್ತಿದ್ದವಳು, ಈಗ ಒಂದು ಸಾದಾ ಟವೆಲಿಗೂ ಎರಡೆರಡು ಸಲ ಚೂರುಬಟ್ಟೆಯ ಮೇಲೆ ಹೊಲಿದು ನೋಡುತ್ತಿದ್ದಳು. ಮಿಷನ್ನು ಓಡುವಷ್ಟು ಹೊತ್ತೂ ಕೈ ಸ್ವಿಚ್ಚಿನ ಮೇಲೇ. ದಿನಕ್ಕೆ ಮುಗಿಯುವ ಕೆಲಸ ಮೂರು ದಿನ ಎಳೆಯಿತು. ಬೆನ್ನ ಹಿಂದೆ ಕುರ್ಚಿ ಕಿರುಗುಟ್ಟಿದರೂ ಮಿಷನ್ನು ನಿಲ್ಲಿಸಿಬಿಡುತ್ತಿದ್ದಳು.

ಒಂದು ದಿನ ಮೇಟ್ರನ್ ಅಮ್ಮ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾಗ ಅವರ ಸೊಸೆ ಬಂದಳು. ತೆಳ್ಳಗಿನ, ಅವಸರದ ಹೆಂಗಸು. ಸೂಜಕ್ಕನಿಗೆ ದೇವರೇ ಬಂದ ಹಾಗಾಯಿತು. ಅತ್ತೆಯನ್ನು ಇನ್ನು ಮನೆಯಲ್ಲೇ ಇರಿಸಿಕೊಳ್ಳುತ್ತೇವೆ ಎಂದು ಹೇಳಲು ಬಂದಿರಬೇಕೆಂದು ಕುರ್ಚಿಯ ಮೆತ್ತೆ ಕೊಡವಿ ಕೂರಿಸಿದಳು.

"ಅತ್ತೆಯಿಂದ ನಿಮಗೆ ತೊಂದರೆ ಆಗ್ತಿದೆ ಅಂತ ಗೊತ್ತು," ಅಂದಳು ಸೊಸೆ.

"ತೊಂದರೆ ಅಂತಲ್ಲ..." ಎಂದು ಸೂಜಕ್ಕ ಶುರುಮಾಡಿದಳು.

ಸೊಸೆ ಅವಳ ಎರಡೂ ಕೈ ಹಿಡಿದುಕೊಂಡಳು. "ದಯವಿಟ್ಟು ಬೇಡ ಅನ್ಬೇಡಿ ಅಕ್ಕಾ. ಇಲ್ಲಿಗೆ ಬರೋಕೆ ಮುಂಚೆ ಅಡುಗೆಮನೆ ಗೋಡೆ ಮೇಲೆ ಡ್ಯೂಟಿ ಚಾರ್ಟ್ ಅಂಟಿಸಿದ್ರು. ಮಕ್ಕಳು ಹಾಲು ಕುಡಿದಿದ್ದಕ್ಕೆ ಸಹಿ ಹಾಕ್ಬೇಕಿತ್ತು. ನಮ್ಮೆಜಮಾನ್ರಂತೂ ಮನೆಗೇ ಬರಲ್ಲ ಅಂತಿದ್ರು. ಈಗ ಹಗಲು ಹೊತ್ತಾದ್ರೂ ಉಸಿರಾಡ್ತೀವಿ."

"ನಾನೂ ಉಸಿರಾಡ್ಬೇಕಲ್ಲಮ್ಮ."

"ನಿಮಗೆ ಸಂಜೆಯಾದ್ರೂ ಮನೆಗೆ ಹೋಗೋದಿದೆ. ನಾನು ಮನೆಯಿಂದ ಎಲ್ಲಿಗೆ ಹೋಗ್ಲಿ?" ಸೊಸೆಯ ಕಣ್ಣು ತುಂಬಿತು. "ಕೆಟ್ಟೋರಲ್ಲ ಅಕ್ಕಾ. ಕೆಟ್ಟೋರಾಗಿದ್ರೆ ಸುಲಭ ಇತ್ತು."

ಹೋಗುವಾಗ ಒಂದು ಡಜನ್ ಬಾಳೆಹಣ್ಣು ಮೇಜಿನ ಮೇಲಿಟ್ಟು ಹೋದಳು. ಬಿಡಿಸುವವರು ಬಂದರೆಂದುಕೊಂಡರೆ ಇನ್ನೊಂದು ಗಂಟು ಬಿಗಿದು ಹೋಗಿದ್ದರು. ಸೂಜಕ್ಕ ಸಿಟ್ಟಿಗೆ ಎರಡು ಹಣ್ಣು ತಿಂದಳು.

ಕಡೆಗೆ ಆದದ್ದು ಒಂದು ಹೊದಿಕೆಯಿಂದ. ಎಳೆ ಬಾಣಂತಿಯೊಬ್ಬಳು ಕೈಯಲ್ಲಿ ಹೆಣೆದ ಹಳದಿ ಹೊದಿಕೆ ತಂದಳು. ಅವಳ ಅಕ್ಕ ತಿಂಗಳುಗಟ್ಟಲೆ ಕೂತು ಹೆಣೆದದ್ದಂತೆ; ಮೂಲೆಯಲ್ಲಿ ಮಗುವಿನ ಹೆಸರು ಬೇಕು. ಹೆಣೆದದ್ದರ ಮೇಲೆ ಹೊಲಿಯುವುದು ಕಷ್ಟ: ಎಳೆ ಜಗ್ಗುತ್ತದೆ, ಅಕ್ಷರ ಮುಳುಗುತ್ತದೆ. ಆದರೆ ಮುಟ್ಟಿದ ಕೂಡಲೇ ಸೂಜಕ್ಕನಿಗೆ ದಾರಿ ಹೊಳೆಯಿತು. ಹಿಂದೆ ಮೆತ್ತನೆಯ ಬಟ್ಟೆ ಕೊಟ್ಟು, ಮಿಷನ್ನು ಬಿಟ್ಟು, ಕೈಯಲ್ಲೇ ಹಾಕಬಹುದು. ಎಷ್ಟೋ ದಿನದ ಮೇಲೆ ಅವಳಿಗೆ ಒಂದು ಕೆಲಸ ಬೇಕೆನಿಸಿತು.

ಅಷ್ಟರಲ್ಲಿ ಹಿಂದಿನಿಂದ, "ಬೇಡಮ್ಮ," ಎಂದಿತು ಗಟ್ಟಿ ಗಂಟಲು. "ಇಂಥದ್ದು ಇವಳ ಕೈಗೆ ಕೊಡ್ಬೇಡ. ಆ ಕೋಟು ನೋಡು. ಇವಳ ಒಳ್ಳೇದಕ್ಕೇ ಹೇಳ್ತಿದ್ದೀನಿ. ಇದೂ ಹಾಳಾದ್ರೆ ಇವಳು ತಡ್ಕೊಳ್ಳಲ್ಲ."

ಬಾಣಂತಿ ಹೊದಿಕೆಯನ್ನು ಎದೆಗವಚಿಕೊಂಡು ಹೊರಟುಹೋದಳು. ಸೂಜಕ್ಕನ ಕೈ ಮೇಜಿನ ಮೇಲೆ ಹಾಗೇ ಉಳಿಯಿತು.

ಮರುದಿನ ಅವಳು ಬೇಗ ಬಂದು ಒಳಗೆ ಹೊಕ್ಕು ಶಟರನ್ನು ಪೂರ್ತಿ ಕೆಳಗೆಳೆದುಕೊಂಡಳು. ಇವತ್ತೊಂದು ದಿನ ಅಂಗಡಿಯಿಲ್ಲ ಎಂದುಕೊಂಡು ಮೇಟ್ರನ್ ಅಮ್ಮ ಹೋಗಲಿ, ತಾನು ಒಬ್ಬಳೇ ಕೂತು ಕೆಲಸ ಮಾಡಬೇಕು ಎಂಬುದು ಅವಳ ಎಣಿಕೆ. ಕೂತ ಮೇಲೆ ಗೊತ್ತಾಯಿತು: ಮಿಷನ್ನು ಹಾಕಿದರೆ ಸದ್ದು ಬೀದಿಗೆ ಕೇಳುತ್ತದೆ. ದೀಪ ಹಾಕಿದರೆ ಶಟರಿನ ಅಡಿಯಿಂದ ಬೆಳಕು ಕಾಣುತ್ತದೆ. ತನ್ನ ಅಂಗಡಿಯಲ್ಲಿ ಕಳ್ಳಿಯ ಹಾಗೆ, ಕತ್ತಲಲ್ಲಿ, ದಾರದ ಉರುಳೆಗಳ ನಡುವೆ ಮೊಣಕಾಲು ಮಡಚಿ ಕೂತಳು. ಸೆಕೆ. ಎಣ್ಣೆಯ ವಾಸನೆ. ಹೊರಗೆ ಚಪ್ಪಲಿಯ ಸದ್ದು ಬಂತು, ನಿಂತಿತು. ಯಾರೋ ಮೆಟ್ಟಿಲ ಮೇಲೆ ಕುಳಿತರು. ಎದ್ದು ಹೋಗಲಿಲ್ಲ.

ಮಧ್ಯಾಹ್ನ ಗಂಡನ ದನಿ ಕೇಳಿಸಿತು. "ಇದೇನಮ್ಮ ಬಿಸಿಲಲ್ಲಿ ಕೂತಿದ್ದೀರಿ? ಇವಳೆಲ್ಲಿ?"

"ಒಳಗಿದ್ದಾಳೆ. ನಾನು ಬರಬಾರದು ಅಂತ ಬಾಗಿಲು ಹಾಕ್ಕೊಂಡಿದ್ದಾಳೆ. ಶಟರ್ ಬಡೀಬೇಡ. ಡಬ್ಬಿ ಇಲ್ಲಿಡು, ಹಸಿವಾದ್ರೆ ತೆಗೀತಾಳೆ."

ಸೂಜಕ್ಕ ಎದ್ದು, ಎರಡೂ ಕೈಯಿಂದ ಶಟರ್ ಎತ್ತಿದಳು. ಬೆಳಕಿಗೆ ಕಣ್ಣು ಬಿಡಲಾಗಲಿಲ್ಲ. ಗಂಡ ಡಬ್ಬಿ ಹಿಡಿದು ನಿಂತಿದ್ದ. ಮೇಟ್ರನ್ ಅಮ್ಮ ಮೆಟ್ಟಿಲ ಮೇಲೆ ನೆಟ್ಟಗೆ ಕೂತಿದ್ದರು.

"ಅಮ್ಮಾ, ನೀವು ಬರೋದು ನನಗೆ ಬೇಡ," ಅಂದಳು. "ಕೋಟು ಕೆಡಿಸಿದ್ದು ನನ್ನ ತಪ್ಪು. ಸಾಯೋವರೆಗೂ ಒಪ್ಕೋತೀನಿ. ಆದ್ರೆ ದಿನಾ ಅದನ್ನ ನೋಡ್ತಾ ಕೂತ್ರೆ ನನ್ನ ಕೈಯೇ ಸತ್ತುಹೋಗುತ್ತೆ. ಉಸಿರು ಕಟ್ತಿದೆ ನನಗೆ."

"ಎಷ್ಟು ದಿನದಿಂದ?" ಮೇಟ್ರನ್ ಅಮ್ಮ ರೋಗಿಯನ್ನು ಕೇಳುವ ದನಿಯಲ್ಲೇ ಕೇಳಿದರು.

"ಮೊದಲನೇ ದಿನದಿಂದ."

"ಹಾಗಾದ್ರೆ ಮೊದಲನೇ ದಿನಾನೇ ಹೇಳ್ಬೇಕಿತ್ತು. ಬಾಯಿ ಬಿಡದಿರೋರಿಗೆ ಏನಂತ ಔಷಧಿ ಕೊಡೋದು?"

ಅವರು ಎದ್ದು ಒಳಗೆ ಬಂದರು. ಕೋಟನ್ನು ಮೊಳೆಯಿಂದ ತೆಗೆದು ಮೇಜಿನ ಮೇಲೆ ಹಾಕಿ ಮಡಚತೊಡಗಿದರು. ತೋಳು ಒಳಗೆ ಸೇರಿಸುವಾಗ ಬೆರಳು ತಡವರಿಸಿತು. ಸಹಾಯಕ್ಕೆಂದು ಸೂಜಕ್ಕ ಕೈ ಚಾಚಿದಳು.

"ಬೇಡ," ಅಂದರು. ತೋಳನ್ನು ತಾವೇ ಮಡಚಿ ಮುಂದುವರಿಸಿದರು: "ಮನೇಲಿ ನನಗೆ ಜಾಗ ಇಲ್ಲ ಅಂತ ತಿಳ್ಕೋಬೇಡ. ದೊಡ್ಡ ರೂಮಿದೆ. ಬಾಗಿಲು ತೆರೆದೇ ಇರುತ್ತೆ, ಯಾರೂ ಬರಲ್ಲ ಅಷ್ಟೇ. ಇಲ್ಲಿ ಜನ ಬರ್ತಿದ್ರು."

ಕೋಟನ್ನು ಕಂಕುಳಲ್ಲಿಟ್ಟುಕೊಂಡು, ತಿರುಗಿ ನೋಡದೆ, ಬೀದಿಯ ತಿರುವಿನವರೆಗೂ ನೆಟ್ಟಗೆ ನಡೆದು ಹೋದರು. ಗಂಡ ಡಬ್ಬಿ ಮೇಜಿನ ಮೇಲಿಟ್ಟು, "ಹೇಳಿದ್ದು ಸರೀನೇ," ಎಂದು ಗೊಣಗಿದ. ಡಬ್ಬಿಯನ್ನು ಅವಳು ತೆರೆಯಲೇ ಇಲ್ಲ.

ಆ ಬಾಣಂತಿಗಾಗಿ ಸೂಜಕ್ಕ ಓಣಿ ಓಣಿ ವಿಚಾರಿಸಿದಳು. ಸಿಕ್ಕಾಗ ಹೊದಿಕೆ ಆಗಲೇ ಬೇರೆಲ್ಲೋ ಹೋಗಿ ಹೆಸರು ಹಾಕಿಸಿಕೊಂಡು ಬಂದಿತ್ತು. ಅಕ್ಷರಗಳು ಎಳೆಗಳೊಳಗೆ ಮುಳುಗಿದ್ದವು. ಸೊಸೆ ಒಂದು ಸಲ ಎದುರಾದಳು. ಮಾತಾಡದೆ ರಸ್ತೆಯ ಆಚೆ ಬದಿಗೆ ದಾಟಿಹೋದಳು. ಕೆಲಸ ಮಾತ್ರ ಮೆಲ್ಲಗೆ ತಿರುಗಿ ಬಂತು. ಟೋಪಿ ಬಂತು, ಏಪ್ರನ್ನು ಬಂತು, ಹೊಸ ಜೋಡಿಯ ಟವೆಲು ಬಂತು. ಕೈ ಸ್ವಿಚ್ಚು ಬಿಟ್ಟು ಮಿಷನ್ನನ್ನು ಅದರ ಪಾಡಿಗೆ ಓಡಲು ಬಿಡುವುದನ್ನು ಅವಳು ಹೊಸದಾಗಿ ಕಲಿತಳು.

ಬೇಸಿಗೆಯ ಹೊತ್ತಿಗೆ ಒಮ್ಮೆ ದಾರ ತರಲೆಂದು ಮಾರುಕಟ್ಟೆಯ ರಸ್ತೆಯಲ್ಲಿ ಹೋಗುತ್ತಿದ್ದಾಗ ಪರಿಚಿತ ಗಟ್ಟಿ ಗಂಟಲು ಕೇಳಿ ಅವಳ ಕಾಲು ತಾನಾಗಿ ನಿಂತಿತು. ಫೋಟೋಗೆ ಕಟ್ಟು ಹಾಕುವ ಅಂಗಡಿ. ಒಳಗೆ, ಗಾಜಿನ ಹಲಗೆಗಳ ನಡುವೆ, ಸ್ಟೂಲಿನ ಮೇಲೆ ಮೇಟ್ರನ್ ಅಮ್ಮ.

"ಏನಾಗಿದೆ? ಮೂಲೆ ಬಿಟ್ಟಿದೆಯಾ? ಕೊಡಿ ಇಲ್ಲಿ," ಎಂದು ಗಿರಾಕಿಯೊಬ್ಬನಿಗೆ ಹೇಳುತ್ತಿದ್ದರು. "ನಮ್ಮ ಆಸ್ಪತ್ರೆ ಫೋಟೋ ಮೇಲೆ ಅಂಟು ಚೆಲ್ಲಿದ ಮಹಾರಾಯ ಇವನು. ಆದ್ರೂ ಹುಡುಗ ಒಳ್ಳೆಯೋನು."

ಮೀಸೆ ನರೆತ ಆ 'ಹುಡುಗ' ಹಿಂದೆ ನಿಂತು ಗಾಜು ಒರೆಸುತ್ತಿದ್ದ. ಮೇಟ್ರನ್ ಅಮ್ಮ ಸೂಜಕ್ಕನನ್ನು ಕಂಡರು. ಸಿಟ್ಟೂ ತೋರಿಸಲಿಲ್ಲ, ನಗಲೂ ಇಲ್ಲ. "ಬಾ, ಕೂತ್ಕೋ. ಇಳಿದುಹೋಗಿದ್ದೀಯ," ಅಂದರು.

"ಇಲ್ಲಮ್ಮ, ಕೆಲಸ ಇದೆ. ಆರೋಗ್ಯವಾಗಿದ್ದೀರಾ?"

"ನನಗೇನಾಗುತ್ತೆ?"

ಸೂಜಕ್ಕ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಕಟ್ಟು ಹಾಕುವವನು ಒರೆಸುವ ಬಟ್ಟೆ ಹಿಡಿದುಕೊಂಡೇ ಹಿಂದೆ ಓಡಿ ಬಂದ. ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದ: "ಕಸೂತಿ ಅಂಗಡಿಯೋರು ನೀವೇ ಅಲ್ವಾ? ನೀವು ಹೇಗಕ್ಕಾ ಬಿಡಿಸ್ಕೊಂಡ್ರಿ?"

"ಇದ್ದದ್ದು ಇದ್ದ ಹಾಗೆ ಹೇಳ್ದೆ. ತಕ್ಷಣ ಎದ್ದು ಹೋದ್ರು."

ಅವನ ಮುಖ ಅರಳಿತು. "ಅಷ್ಟೇನಾ?"

"ಅಷ್ಟೇ. ಆಮೇಲೆ ಎಷ್ಟೋ ದಿನ ನನಗೆ ಅನ್ನ ಸೇರ್ಲಿಲ್ಲ."

ಅವನು ಬಟ್ಟೆಯನ್ನು ಕೈಯಿಂದ ಕೈಗೆ ಬದಲಾಯಿಸಿದ. ಒಮ್ಮೆ ಅವಳನ್ನು ನೋಡಿದ, ಒಮ್ಮೆ ಅಂಗಡಿಯ ಕಡೆ ನೋಡಿದ. ಆಮೇಲೆ ನಿಟ್ಟುಸಿರು ಬಿಟ್ಟು ತಿರುಗಿ ಹೋದ. "ಅಮ್ಮಾ, ಟೀ ಹೇಳ್ಲಾ?" ಎಂದು ಅವನು ಕೇಳಿದ್ದು ಸೂಜಕ್ಕನಿಗೆ ರಸ್ತೆಯವರೆಗೂ ಕೇಳಿಸಿತು.