ಸಜ್ಜಾದ ಕೆಳಗಿನ ಗೋಡಿ

ನಮ್ಮ ಮನಿಯವರಿಗೆ ಒಂದು ಹುಚ್ಚು. ಎದುರಿನ ಮನಷ್ಯಾ ಕನ್ನಡ ಮಾತಾಡಿದನೋ, ಮುಗೀತು, ಅವ ದೇವರು. ಹೈದರಾಬಾದಿನ ಕೂಕಟ್‌ಪಲ್ಲಿಗೆ ಬಂದಾಗ ತೊಟ್ಟಿಲದಾಗಿದ್ದ ಮಗಳು ಪಿಂಕಿ ಕಾಲೇಜಿಗೆ ಹೊಂಟಿದ್ದಳು, ಈ ಹುಚ್ಚು ಮಾತ್ರ ಬಿಟ್ಟಿರಲಿಲ್ಲ. ಹಂಗಾಗಿ ಕಾಂಟ್ರ್ಯಾಕ್ಟರ್ ವಿಠಲ ನಮ್ಮ ಬಾಗಲದಾಗ ನಿಂತು "ನಾವೂ ನಿಮ್ಮ ಕಡಿಯವರೇ ರೀ ಸಾಹೇಬ್ರ" ಅಂದ ಕೂಡ್ಲೆ ಇವರು ಕರಗಿ ನೀರಾದರು. ನನಗ ಅಂದs ಮೈ ಉರೀತು. ಅವನ ಬಾಯಿ ನಗತಿತ್ತು, ಕಣ್ಣು ಗಡಿಯಾರ ನೋಡತಿತ್ತು.

ಆಗ ಹೈಟೆಕ್ ಸಿಟಿ ಕಡೆ ಗಾಜಿನ ಬಿಲ್ಡಿಂಗ್ ಒಂದರ ಹಿಂದ ಒಂದು ಏಳಾಕತ್ತಿದ್ದವು. ನಮ್ಮ ಅಪಾರ್ಟ್‌ಮೆಂಟಿನ ತುಂಬ ಸಾಫ್ಟ್‌ವೇರ್ ಮಂದಿ. ಅವರಿಂದ ಮನಿಮನಿಗೂ ಓಪನ್ ಕಿಚನ್ ಅನ್ನೋ ರೋಗ ಹತ್ತಿತ್ತು, ನಮಗೂ ಹತ್ತಿತು. ಅಡಗಿಮನಿಗೂ ಹಾಲಿಗೂ ನಡುವಿನ ಗೋಡಿ ತೆಗೀಬೇಕಿತ್ತು. ಆ ಗೋಡಿ ಮ್ಯಾಲೆ ಸಿಮೆಂಟಿನ ಸಜ್ಜಾ, ಸಜ್ಜಾದ ಮ್ಯಾಲೆ ನಮ್ಮತ್ತಿಯವರ ಹಂಡೆ, ಕೊಪ್ಪರಿಗಿ, ಬೀಸುಕಲ್ಲು.

"ಗೋಡಿ ತೆಗದ್ರ ಸಜ್ಜಾ ಯಾತರ ಮ್ಯಾಲೆ ನಿಲ್ಲಬೇಕ್ರಿ?" ಅಂತ ಕೇಳಾಕತ್ತಿದ್ದೆ. ನನ್ನ ಮಾತು ಮುಗಿಯೋದ್ರಾಗ "ಏನೂ ಆಗಂಗಿಲ್ರಿ ಅಕ್ಕಾರ" ಅಂದ ವಿಠಲ. ಗೋಡಿ ಕಡೆ ತಿರುಗಿ ಸುದ್ದಾ ನೋಡಲಿಲ್ಲ. ಮ್ಯಾಲಿನ ಸಾಮಾನು ಇಳಿಸೋದೂ ಬ್ಯಾಡಂತ. ಯಾರರೆ ಕೆಳಗ ಇದ್ದಾಗ ಅದು ಬಿದ್ರ ಏನು ಗತಿ?

"ನೀವು ಮಾಡಿದ ಕೆಲಸ ಎಲ್ಲಿರೆ ತೋರಸ್ರಿ" ಅಂತ ಹಟ ಹಿಡದೆ. ನಿಜಾಮ್‌ಪೇಟಕ್ಕ ಕರಕೊಂಡು ಹೋದ. ಮೊದಲನೇ ಮನಿಗೆ ಕೀಲಿ, ಮಂದಿ ಊರಿಗೆ ಹೋಗ್ಯಾರಂತ. ಎರಡನೇ ಮನಿಯಾಗ ಒಬ್ಬ ಹೆಣ್ಣಮಗಳು ಬಾಗಲ ತಗದು, ಇವನ ಮಾರಿ ನೋಡಿದ ಕೂಡ್ಲೆ ಮುಚ್ಚಿಬಿಟ್ಟಳು. ಒಳಗಿಂದ ಚಿಲಕ ಹಾಕಿದ ಸಪ್ಪಳ ನನಗ ಕೇಳಿಸ್ತು.

"ಪಾಪ, ಏನೋ ಕೆಲಸದಾಗ ಇದ್ದಿರಬೇಕು" ಅಂದ್ರು ನಮ್ಮವರು.

"ನಿಮ್ಮ ತಲಿ! ಆಕಿ ಹೆದರ್ಯಾಳ್ರಿ" ಅಂದೆ. ಕಿವಿ ಮ್ಯಾಲೆ ಹಾಕ್ಕೊಳ್ಳಲಿಲ್ಲ, ಕೆಲಸ ಅವನಿಗೇ ಒಪ್ಪಿಸಿದ್ರು.

ಕೆಲಸ ಸುರು ಮಾಡಿದ್ದು ಅಮಾಸಿ ದಿನ. ನಮ್ಮ ಕಡೆಯಾಗ್ಲಿ ಹೈದರಾಬಾದಿನಾಗಾಗ್ಲಿ ಅಮಾಸಿ ದಿನ ಯಾವ ಗೌಂಡಿನೂ ಕರಣಿ ಮುಟ್ಟಂಗಿಲ್ಲ, ಗೋಡಿಗೆ ಕೈ ಹಚ್ಚಂಗಿಲ್ಲ. ದಿನಾ ಕೊರಿಯೋದು ಬಡಿಯೋದು ಕೇಳಿ ತಲಿ ಚಿಟ್ ಹಿಡೀತಿತ್ತು, ಅವತ್ತು ಇಡೀ ಕಾಲನಿ ಗಪ್ ಚುಪ್. ನಮ್ಮ ಮನಿ ಬೆಲ್ ಒಂದೇ ಬಡೀತು. ವಿಠಲನ ಹಿಂದ ಇಬ್ಬರು ನಿಂತಿದ್ರು, ಬಸು ಮತ್ತ ಅವನ ಹೆಂಡತಿ ಯಂಕಮ್ಮ. ಲಿಂಗಸೂಗೂರು ಕಡಿಯವರು, ಮೊನ್ನೆ ಮೊನ್ನೆ ಬಸ್ಸಿಳದವರು.

"ಗೋಡಿ ಕೆಡವಿ ಗೊತ್ತೇನಪಾ?" ಅಂದೆ.

"ಮಣ್ಣಿನ ಕೆಲಸ ಗೊತ್ರಿ ಅಕ್ಕಾ. ಇದೂ ಹಂಗs ಅಲ್ರಿ?" ಅಂದ ಬಸು.

ವಿಠಲ ಕಿವಿಗೆ ಮೊಬೈಲ್ ಹಚ್ಚಿಕೊಂಡು "ಈಗ ಬಂದೆ" ಅಂತ ಇಳದು ಹೋದ. ನಾನು ನಮ್ಮವರನ್ನ ಒಳಗ ಕರದು ಕೈ ಮುಗಿದೆ. "ರೀ, ಇವರನ್ನ ವಾಪಸ್ ಕಳಸ್ರಿ. ಗೌಂಡಿ ಯಾರೂ ಬರಲಾರದ ದಿನ ನೋಡೇ ಇವ ಈ ಅಮಾಯಕರನ್ನ ತಂದಾನ." ಇವರು "ಎಲ್ಲಾದಕ್ಕೂ ನಿಂದೊಂದು ಅಪಶಕುನ" ಅಂತ ಬೈದು, ತೆಂಗಿನಕಾಯಿ ತರಾಕ ಬಜಾರಕ್ಕ ಹೋದ್ರು. ವಿಠಲನ ಮೊಬೈಲಿಗೆ ಹಚ್ಚಿದೆ. ರಿಂಗ್ ಆತು, ಕಟ್ ಮಾಡಿದ. ಮತ್ತ ಹಚ್ಚಿದೆ, ಸ್ವಿಚ್ ಆಫ್. ಗೇಟಿಗೆ ಇಳದು ಅವನ ದಾರಿ ಕಾದು, ಒಂದು ತಾಸಿನ ಮ್ಯಾಲೆ ಬಾಜೂ ಮನಿಯಿಂದ ಚಾ ತಗೊಂಡು ಬಂದೆ.

ಅಷ್ಟರಾಗ ಬಸು ಯಾರ ದಾರಿನೂ ಕಾಯದs ಕೆಳಗಿಂದ ಇಟ್ಟಂಗಿ ಬಿಚ್ಚಿಕೋತ ಹೋಗಿದ್ದ. ನಡುವ ಒಂದು ಇಟ್ಟಂಗಿ ಕಂಬ ಅಷ್ಟ ಉಳದು, ಇಡೀ ಸಜ್ಜಾ ಅದರ ಮ್ಯಾಲೆ ಕೂತಿತ್ತು. ಅದರ ಬುಡಕ್ಕ ಯಂಕಮ್ಮ ಕುಕ್ಕರಗಾಲಲೆ ಕೂತು ಬುಟ್ಟಿ ತುಂಬಾಕತ್ತಿದ್ದಳು. ಮ್ಯಾಲಿಂದ ಸಣ್ಣಗ ಉಸುಕು ಉದರತಿತ್ತು.

"ನಿಂದ್ರೋ ಬಸು! ಯವ್ವಾ ಯಂಕಮ್ಮ, ಈ ಕಡಿ ಬಾರ! ಚಾ ಕುಡಿ ಬಾ."

"ಇದೊಂದು ಬುಟ್ಟಿ ಆಗ್ಲಿ ತಡೀರಿ ಅಕ್ಕಾ" ಅಂತ ನಕ್ಕಳು. ನಾ ಚಾದ ಕಪ್ ಅಲ್ಲೇ ಇಟ್ಟು ಓಡಿ ಹೋಗಿ ಆಕಿ ಕೈ ಹಿಡದೆ.

ಅದs ಹೊತ್ತಿಗೆ ನಮ್ಮವರು ಬಾಗಲಕ್ಕ ಬಂದ್ರು. ಸಜ್ಜಾ ನೋಡಿದ್ರು, ಕೆಳಗ ಕೂತಾಕಿನ್ನ ನೋಡಿದ್ರು. ಕಂಬದ ಆ ಬಾಜೂಕ ನಿಂತಿದ್ದ ಬಸು, ಹೆಂಡತಿ ಎದ್ದು ಹೋದಳಂತ ತಿಳದು, ಅದಕ್ಕ ಒಂದು ಕಾಲು ಆನಿಸಿ, ಮುಂದ ಏನ್ಮಾಡ್ಲಿ ಅನ್ನೋಹಂಗ ಸಾಹೇಬ್ರ ಮಾರಿ ನೋಡಿದ. ಕೆಲಸದ ಮಂದಿ ಕಂಡ್ರ ನಮ್ಮವರ ನಾಲಿಗಿ ತಾನs ತೆಲುಗಿಗೆ ಹೊಳ್ಳತೈತಿ, ಇಷ್ಟು ವರ್ಷದ ರೂಢಿ. ಎರಡೂ ಕೈ ಮುಂದ ಚಾಚಿ ಒದರಿದ್ರು:

"ಒದ್ದು! ಒದ್ದು!"

ತೆಲುಗಿನಾಗ ಹಂಗಂದ್ರ ಬ್ಯಾಡ ಅಂತ. ಬಸುಗ ತೆಲುಗು ಎಲ್ಲಿಂದ ಬರಬೇಕು? ಸಾಹೇಬ್ರು ಕೈ ಮಾಡಿ ಒದ್ದು ಅಂದ್ರು. ಅವ ಒದ್ದ.

ಧೂಳಿನಾಗ ಏನೂ ಕಾಣಲಿಲ್ಲ. ಹಂಡೆ ಉರುಳಿದ ಸಪ್ಪಳ ಭಾಳ ಹೊತ್ತು ನಿಲ್ಲಲಿಲ್ಲ. ಯಂಕಮ್ಮನ ಕೈ ಇನ್ನೂ ನನ್ನ ಕೈಯಾಗ ಇತ್ತು. ನಾ ಜಗ್ಗಿದೆ, ಆಕಿ ಬರಲಿಲ್ಲ. "ಯಂಕಮ್ಮ, ಯಂಕಮ್ಮ" ಅಂತ ಕೂಗಿದೆ. ಆಕಿ ಬೆರಳು ನನ್ನ ಕೈ ಹಿಡೀಲಿಲ್ಲ.

ಬಸು ಉಗುರಿಲೆ ಸಿಮೆಂಟ್ ಕೆರಿಯಾಕತ್ತಿದ್ದ. ನಮ್ಮವರು ಅವನ ಹೆಗಲ ಹಿಡಕೊಂಡು "ಬ್ಯಾಡ ಅಂದಿನಲ್ಲೋ ತಮ್ಮಾ, ಬ್ಯಾಡ ಅಂದಿನಲ್ಲೋ" ಅಂತ ಅಳಾಕತ್ತಿದ್ರು.

ಬಸು ತಲಿ ಎತ್ತಿ ಅವರ ಬಾಯಿನ್ನೇ ನೋಡಿದ.

"ಬ್ಯಾಡ ಅಂತ ಕನ್ನಡದಾಗ ಅನ್ನಾಕ ನಿಮಗ ಬರ್ತಿತ್ತೇನ್ರಿ?" ಅಂದ.